ಬಾಡಿಗೆ ಇಲ್ಲದ ಬಾಡಿಗೆ ತಾಯಿ: ನಮ್ಮ ಸಂಸದರಿಗೊಂದು ಪತ್ರ

ಮಾನ್ಯ ಸಂಸದರೇ,

ನಾನು ಮಂಡ್ಯದವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ವಯಸ್ಸು 34, ಒಬ್ಬಳು ಮಗಳಿದ್ದಾಳೆ. ನನ್ನ ಅಕ್ಕನಿಗೆ ಆರು ವರ್ಷದ ಹಿಂದೆ ಗರ್ಭಕೋಶ ತೆಗೆದರು. ಅವಳ ಮಗುವನ್ನು ನಾನು ಹೊರುತ್ತೇನೆ ಅಂತ ಒಪ್ಪಿದ್ದೇನೆ. ಯಾರ ಬಲವಂತವೂ ಇಲ್ಲ, ಮೊದಲು ಬಾಯಿಬಿಟ್ಟವಳು ನಾನೇ.

ಆವತ್ತಿನಿಂದ 2021ರ ಬಾಡಿಗೆ ತಾಯ್ತನದ ಕಾಯ್ದೆ ನಮ್ಮ ಮನೆಯಲ್ಲಿ ದಿನಾ ಮಾತಾಗಿದೆ. ಅಕ್ಕನಿಗೆ ಜಿಲ್ಲಾ ವೈದ್ಯಕೀಯ ಮಂಡಳಿಯ ಸರ್ಟಿಫಿಕೇಟ್ ಬೇಕು. ಹುಟ್ಟುವ ಮಗು ಯಾರದ್ದು ಅಂತ ಮ್ಯಾಜಿಸ್ಟ್ರೇಟ್ ಕೋರ್ಟ್ ಮೊದಲೇ ಆದೇಶ ಕೊಡಬೇಕು. ನನ್ನ ಹೆಸರಿಗೆ 36 ತಿಂಗಳ ವಿಮೆ ಆಗಬೇಕು. ಭ್ರೂಣ ಇಡುವ ದಿನ ನನ್ನ ವಯಸ್ಸು 25ರಿಂದ 35ರ ಒಳಗಿರಬೇಕು. ಜೀವಮಾನದಲ್ಲಿ ಒಂದೇ ಸಲ.

ಇದಕ್ಕೆಲ್ಲ ನನ್ನ ತಕರಾರಿಲ್ಲ. ಕಾಯ್ದೆ ಇಲ್ಲದ ಕಾಲದಲ್ಲಿ ಏನಾಗಿತ್ತು ಅಂತ ನಾನೂ ಓದಿದ್ದೇನೆ. 2008ರಲ್ಲಿ ಜಪಾನಿನ ದಂಪತಿಗಾಗಿ ಗುಜರಾತಿನ ಆಣಂದ್‌ನಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಅದು ಹುಟ್ಟುವ ಮೊದಲೇ ಆ ದಂಪತಿ ಬೇರೆಯಾಗಿದ್ದರು. ಕೂಸಿನ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅಂಥದ್ದು ಮತ್ತೆ ಆಗಬಾರದು, ನಿಜ.

ನನ್ನ ಸಂಕಟ ದುಡ್ಡಿನದ್ದು. ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳುತ್ತೇನೆ. ಈ ಕೆಲಸದಲ್ಲಿ ಡಾಕ್ಟರಿಗೆ ಫೀಸ್ ಇದೆ. ಲ್ಯಾಬ್‌ಗೆ, ವಕೀಲರಿಗೆ, ವಿಮೆ ಕಂಪನಿಗೆ ಇದೆ. ಹೊಟ್ಟೆಯಲ್ಲಿ ಹೊರುವವಳಿಗೆ ಮಾತ್ರ ಪುಣ್ಯ! ಆಸ್ಪತ್ರೆ ಖರ್ಚು, ವಿಮೆ ಬಿಟ್ಟು ಅಕ್ಕ ನನ್ನ ಕೈಗೆ ದುಡ್ಡು ಕೊಟ್ಟರೆ ಅವಳಿಗೆ ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಬಾಡಿಗೆ ನಿಂತುಹೋದರೂ 'ಬಾಡಿಗೆ ತಾಯಿ' ಅನ್ನುವ ಹೆಸರು ಮಾತ್ರ ನಮ್ಮನ್ನು ಬಿಟ್ಟಿಲ್ಲ ನೋಡಿ.

ನನಗೆ ಲಾಭ ಬೇಡ. ನಷ್ಟ ಆಗದಿದ್ದರೆ ಸಾಕು. ಶ್ರಾವಣದಿಂದ ದಸರಾವರೆಗೆ ನನ್ನ ಮುಖ್ಯ ಸಂಪಾದನೆ. ವರಮಹಾಲಕ್ಷ್ಮಿ, ಗೌರಿ ಹಬ್ಬಕ್ಕೆ ರಾತ್ರಿ ಹನ್ನೊಂದರವರೆಗೂ ಮೆಷಿನ್ ತುಳಿಯುತ್ತೇನೆ. ಏಳನೇ ತಿಂಗಳಲ್ಲಿ ಹಾಗೆ ತುಳಿಯೋಕಾಗುತ್ತಾ? ಒಂದು ಹಬ್ಬ ತಪ್ಪಿಸಿದರೆ ಗಿರಾಕಿ ಮುಂದಿನ ಬೀದಿಯವಳ ಹತ್ತಿರ ಹೋಗುತ್ತಾಳೆ, ಮತ್ತೆ ಬರಲ್ಲ. ನಾನು ಕೇಂದ್ರ ಸರ್ಕಾರದ ನೌಕರಳಾಗಿದ್ದು, ಇಬ್ಬರಿಗಿಂತ ಕಮ್ಮಿ ಮಕ್ಕಳಿದ್ದರೆ, 2024ರ ಜೂನ್‌ನ ನಿಯಮದಂತೆ ಅಕ್ಕನ ಮಗು ಹೆತ್ತದ್ದಕ್ಕೂ 180 ದಿನ ಸಂಬಳದ ರಜೆ ಸಿಗುತ್ತಿತ್ತು. ಹೊಲಿಗೆಯವಳಿಗೆ ರಜೆ ಕೊಡೋರು ಯಾರು?

ಇದು ನನ್ನೊಬ್ಬಳ ತಲೆಗೆ ಹೊಳೆದ ಮಾತೇನಲ್ಲ. ಮಸೂದೆ ಪರಿಶೀಲಿಸಿದ ನಿಮ್ಮ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿಯೇ 2017ರ ವರದಿಯಲ್ಲಿ ಹೇಳಿದೆ: ಬಿಟ್ಟಿ ಸೇವೆ ಬೇಡ, ಕಳೆದುಕೊಂಡ ಕೂಲಿಯೂ ಸೇರಿದಂತೆ ಪರಿಹಾರ ಕೊಡಿ. ಸಮಿತಿಯಲ್ಲಿ ಬೇರೆ ಬೇರೆ ಪಕ್ಷದವರು ಇದ್ದರು. ಆಮೇಲೆ ಬಂದ ಕಾಯ್ದೆಯಲ್ಲಿ ಆ ಮಾತು ಮಾಯ.

ಕಾಯ್ದೆ ತಿದ್ದುವುದು ಕಷ್ಟ ಅಂತೀರೇನೋ. ಅದೂ ಬೇಕಿಲ್ಲ. ಆಸ್ಪತ್ರೆ ಖರ್ಚಿನ ಜೊತೆಗೆ 'ನಿಗದಿಪಡಿಸಿದ ಇತರ ಖರ್ಚು' ಕೊಡಬಹುದು ಅಂತ ಕಾಯ್ದೆಯಲ್ಲೇ ಇದೆ. ಅದಕ್ಕೆ ಕೂಲಿ ನಷ್ಟವನ್ನೂ ಸೇರಿಸಿ ಅಂತ ಕೇಂದ್ರ ಆರೋಗ್ಯ ಸಚಿವರನ್ನು ಕೇಳಿ. ನಿಯಮ ಬದಲಿಸುವುದು ಅವರಿಗೆ ಹೊಸದಲ್ಲ. ದಾನಿಯ ಅಂಡಾಣು, ವೀರ್ಯ ಬಳಸಬಾರದು ಅಂತ 2023ರ ಮಾರ್ಚ್‌ನಲ್ಲಿ ತಂದರು, 2024ರ ಫೆಬ್ರವರಿಯಲ್ಲಿ ಅವರೇ ಸಡಿಲಿಸಿದರು. ಮತ್ತೆ ದಂಧೆ ಶುರುವಾಗುತ್ತೆ ಅನ್ನುವ ಭಯವಿದ್ದರೆ ರಾಜ್ಯದ ಕನಿಷ್ಠ ಕೂಲಿಯಷ್ಟೇ ಇಡಿ, ನೇರ ಬ್ಯಾಂಕ್ ಖಾತೆಗೆ ಹಾಕಿಸಿ. ಆ ಮೊತ್ತಕ್ಕೆ ಯಾರೂ ದಂಧೆ ಮಾಡಲ್ಲ ಬಿಡಿ.

ಇನ್ನೊಂದು ಸಣ್ಣ ವಿಷಯ. ಆಸ್ಪತ್ರೆಯಲ್ಲಿ ನನ್ನ ಮುಂದಿಟ್ಟ ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. 'ಸುಮ್ನೆ ಸೈನ್ ಮಾಡಿ, ಎಲ್ಲರೂ ಮಾಡ್ತಾರೆ' ಅಂದರು. ಆ ಹೆಂಗಸಿಗೆ ತಿಳಿಯುವ ಭಾಷೆಯಲ್ಲೇ ಒಪ್ಪಿಗೆ ಪಡೆಯಬೇಕು ಅಂತ ಕಾಯ್ದೆ ಹೇಳುತ್ತೆ, ಅಲ್ವಾ? ಕನ್ನಡದ್ದು ಕೊಡುವವರೆಗೆ ಸಹಿ ಹಾಕಲ್ಲ ಅಂದೆ. ಮೂರು ವಾರ ಹೋಯಿತು. ಮುಂದಿನ ಯುಗಾದಿ ಹೊತ್ತಿಗೆ ನನಗೆ 35 ತುಂಬುತ್ತೆ.

ನೀವು ಕೇಳುವ ಪ್ರಶ್ನೆಗೆ ಸಚಿವರ ಉತ್ತರ ಬಂದಾಗ ನನಗೊಂದು ಪ್ರತಿ ಕಳಿಸಿ. ಅದೂ ಕನ್ನಡದಲ್ಲೇ ಇರಲಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು