ಬೋಸ್ಟನ್ ಸೀಮೆಯ ಇಬ್ಬರು ಕವಯಿತ್ರಿಯರು

ಓದುಗರಿಗೆ ನಮಸ್ಕಾರ.

ನಮ್ಮ ಕೂಟದ ಎಷ್ಟೋ ಮನೆಗಳಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದಾರೆ. ಹಳೆಯ ಅಮೆರಿಕನ್ ಸಾಹಿತ್ಯದ ಪಾಠ ಶುರುವಾಯಿತೆಂದರೆ ಪ್ಯೂರಿಟನ್ನರ (ಇಂಗ್ಲೆಂಡಿನಿಂದ ಬಂದು ನೆಲೆಸಿದ ಕಟ್ಟುನಿಟ್ಟಿನ ಕ್ರೈಸ್ತರು) ಪ್ರವಚನಗಳು, ಬೆಂಜಮಿನ್ ಫ್ರಾಂಕ್ಲಿನ್ನನ ಆತ್ಮಕಥೆ ಮನೆಗೆ ಬರುತ್ತವೆ. ಪರೀಕ್ಷೆಗೆ ಬೇಕಾದ ಉತ್ತರವೂ ಸಿದ್ಧ: ದೈವಭಕ್ತಿ, ದುಡಿಮೆ, ಸ್ವಾವಲಂಬನೆ, ಸ್ವಾತಂತ್ರ್ಯ. ಉತ್ತರವೇನೋ ಸರಿ. ಆದರೆ ಅಷ್ಟಕ್ಕೇ ನಿಂತರೆ ಆ ಬರಹಗಳ ಜೀವ ಕೈಗೆ ಸಿಗುವುದಿಲ್ಲ. ಆದರ್ಶ ಒಂದು ಕಡೆ, ಬರೆದವರ ಸಂಕಟ ಇನ್ನೊಂದು ಕಡೆ ಎಳೆಯುವ ಜಾಗದಲ್ಲಿ ಆ ಜೀವವಿದೆ. ಇದೇ ಮ್ಯಾಸಚೂಸೆಟ್ಸ್‌ನಲ್ಲಿ ಬದುಕಿದ ಇಬ್ಬರು ಹೆಂಗಸರನ್ನು ಓದಿದರೆ ಅದು ಕಾಣುತ್ತದೆ.

ಆ್ಯನ್ ಬ್ರ್ಯಾಡ್‌ಸ್ಟ್ರೀಟ್ 1630ರಲ್ಲಿ ಗಂಡ ಮತ್ತು ಅಪ್ಪ ಅಮ್ಮನ ಜೊತೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವಳು. ಆಗ ಸುಮಾರು ಹದಿನೆಂಟು ವಯಸ್ಸು. ಹೊಸ ದೇಶ, ಹೊಸ ರೀತಿ ನೀತಿ ಕಂಡು ಮೊದಲು ಮನಸ್ಸು ತಿರುಗಿಬಿತ್ತು, ಆಮೇಲೆ ಇದು ದೇವರ ದಾರಿ ಎಂದು ಒಪ್ಪಿಕೊಂಡೆ ಅಂತ ತನ್ನ ಮಕ್ಕಳಿಗೆ ಬರೆದಿಟ್ಟಿದ್ದಾಳೆ. ಊರು ಬಿಟ್ಟು ಬಂದ ನಮ್ಮಲ್ಲಿ ಯಾರಿಗೆ ಇದು ಅರ್ಥವಾಗುವುದಿಲ್ಲ?

1666ರ ಜುಲೈ ತಿಂಗಳ ಒಂದು ರಾತ್ರಿ ಆ್ಯಂಡೋವರಿನ ಆಕೆಯ ಮನೆ ಸುಟ್ಟುಹೋಯಿತು. ಅದರ ಮೇಲೊಂದು ಪದ್ಯ ಬರೆದಳು. ಕೊಟ್ಟವನೇ ತೆಗೆದುಕೊಂಡ, ಅದು ನನ್ನದಾಗಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತಾಳೆ. ಪ್ಯೂರಿಟನ್ ನಂಬಿಕೆ ಕೇಳುವುದೂ ಅದನ್ನೇ. ಆದರೆ ಪದ್ಯ ಅಲ್ಲಿಗೆ ಮುಗಿಯುವುದಿಲ್ಲ. ಸುಟ್ಟ ಜಾಗದ ಪಕ್ಕದಲ್ಲಿ ಹಾದುಹೋಗುವಾಗ ಅವಳ ಕಣ್ಣು ಸುಮ್ನಿರದೆ ಆ ಕಡೆಗೇ ತಿರುಗುತ್ತದೆ. ಇಲ್ಲಿ ಟ್ರಂಕು ಇತ್ತು, ಅಲ್ಲಿ ಪೆಟ್ಟಿಗೆ. ಇಲ್ಲಿ ಕೂರುತ್ತಿದ್ದೆ, ಇಲ್ಲಿ ಮಲಗುತ್ತಿದ್ದೆ. ಇನ್ನು ಈ ಸೂರಿನಡಿ ನೆಂಟರು ಕೂರುವುದಿಲ್ಲ, ಯಾರೂ ಊಟ ಮಾಡುವುದಿಲ್ಲ, ಕಥೆ ಹೇಳುವುದಿಲ್ಲ, ಮೋಂಬತ್ತಿ ಉರಿಯುವುದಿಲ್ಲ. ಅಷ್ಟು ಹೇಳಿದ ಮೇಲೆಯೇ ತನ್ನ ಮನಸ್ಸನ್ನು ತಾನೇ ಗದರಿಸಿ ಸ್ವರ್ಗದ ಮನೆಯ ಕಡೆ ನೋಡುತ್ತಾಳೆ. ಭಕ್ತಿ ಸುಳ್ಳಲ್ಲ. ಆದರೆ ನನ್ನ ಮನಸ್ಸಿನಲ್ಲಿ ಉಳಿಯುವುದು ಆ ಟ್ರಂಕು.

ಫಿಲಿಸ್ ವೀಟ್ಲಿ ಬಂದದ್ದು ಬೇರೆ ಥರ. 1761ರಲ್ಲಿ, ಏಳೆಂಟು ವರ್ಷದ ಮಗುವಾಗಿದ್ದಾಗ, ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದು ಬೋಸ್ಟನ್ನಿನಲ್ಲಿ ಮಾರಿದರು. ಹಡಗಿನ ಹೆಸರನ್ನೇ ಮಗುವಿಗಿಟ್ಟರು. ಇಂಗ್ಲಿಷ್ ಕಲಿತು ಪದ್ಯ ಬರೆದಳು. ಅವು ಅವಳೇ ಬರೆದವು ಎಂದು ನಂಬಿಸಲು ಗವರ್ನರ್ ಸೇರಿ ಊರಿನ ಹದಿನೆಂಟು ದೊಡ್ಡ ಮನುಷ್ಯರು ಸಹಿ ಹಾಕಬೇಕಾಯಿತು! ಪುಸ್ತಕ 1773ರಲ್ಲಿ ಅಚ್ಚಾದದ್ದು ಲಂಡನ್ನಿನಲ್ಲಿ.

ಅದರಲ್ಲಿ ಲಾರ್ಡ್ ಡಾರ್ಟ್‌ಮತ್ ಎಂಬ ಬ್ರಿಟಿಷ್ ಮಂತ್ರಿಗೆ ಬರೆದ ಪದ್ಯವಿದೆ. ಶುರುವಿನಲ್ಲಿ ಎಲ್ಲರಂತೆ ಸ್ವಾತಂತ್ರ್ಯದ ಹೊಗಳಿಕೆ. ಆಮೇಲೆ ದಿಢೀರನೆ ತನ್ನ ಕಥೆಗೆ ಬರುತ್ತಾಳೆ. ನನಗೆ ಸ್ವಾತಂತ್ರ್ಯದ ಮೇಲೆ ಇಷ್ಟು ಪ್ರೀತಿ ಎಲ್ಲಿಂದ ಬಂತು ಎಂದು ಆಶ್ಚರ್ಯವೇ? ನನ್ನನ್ನು ಕಿತ್ತುಕೊಂಡಾಗ ನನ್ನ ತಂದೆಯ ಎದೆಯಲ್ಲಿ ಎಂಥ ಸಂಕಟ ಎದ್ದಿರಬೇಕು, ಎನ್ನುತ್ತಾಳೆ. ಮರುವರ್ಷ, 1774ರಲ್ಲಿ, ಅಮೆರಿಕದ ಮೂಲನಿವಾಸಿಗಳಾದ ಮೊಹೀಗನ್ ಜನಾಂಗದ ಪಾದ್ರಿ ಸ್ಯಾಮ್ಸನ್ ಆಕಮ್‌ಗೆ ಬರೆದ ಪತ್ರದಲ್ಲಿ ಇನ್ನೂ ನೇರವಾಗಿ ಹೇಳಿದಳು: ಬಿಡುಗಡೆಯ ಆಸೆಯನ್ನು ದೇವರು ಪ್ರತಿಯೊಬ್ಬರ ಎದೆಯಲ್ಲೂ ಇಟ್ಟಿದ್ದಾನೆ. ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯದ ಕೂಗು ಹಾಕುತ್ತಲೇ ಜನರನ್ನು ಕೊಂಡು ಇಟ್ಟುಕೊಂಡವರಿಗೆ ಅದು ತಾಗಲೇಬೇಕಿತ್ತು. ಪತ್ರಿಕೆಗಳು ಅದನ್ನು ಅಚ್ಚು ಹಾಕಿದವು.

ಫ್ರಾಂಕ್ಲಿನ್ನನ ಹದಿಮೂರು ಸದ್ಗುಣಗಳ ಪಟ್ಟಿ ಮಕ್ಕಳು ಓದಲಿ, ಒಳ್ಳೆಯದೇ. ಶ್ರಮದಿಂದ ಮೇಲೆ ಬಂದವನ ಕಥೆ ನಮಗೆ ಬೇಗ ಹಿಡಿಸುತ್ತದೆ, ಅಲ್ವಾ? ಆದರೆ ಪಕ್ಕದಲ್ಲೇ ವೀಟ್ಲಿಯೂ ಇರಲಿ. ಅವಳ ಶ್ರಮ ಕಮ್ಮಿಯಿರಲಿಲ್ಲ. ದಾಸ್ಯದಿಂದ ಬಿಡುಗಡೆಯಾದ ಮೇಲೂ ಎರಡನೇ ಸಂಕಲನಕ್ಕೆ ಪ್ರಕಾಶಕರು ಸಿಗಲಿಲ್ಲ. 1784ರಲ್ಲಿ, ಮೂವತ್ತು ದಾಟಿದ್ದೇ ತಡ, ಬಡತನದಲ್ಲಿ ತೀರಿಕೊಂಡಳು.

ಬೋಸ್ಟನ್ನಿನ ಕಾಮನ್‌ವೆಲ್ತ್ ಅವೆನ್ಯೂದಲ್ಲಿ ಅವಳ ಪ್ರತಿಮೆ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಮೀಸಲಿಟ್ಟಿದ್ದೇವೆ. ಈ ಇಬ್ಬರ ಯಾವುದಾದರೂ ಒಂದು ಪದ್ಯವನ್ನು ಮಕ್ಕಳ ಜೊತೆ ಕೂತು ಕನ್ನಡಕ್ಕೆ ತಂದು ಕಳಿಸಿ. ಪ್ರಾಸ ಕೂಡದಿದ್ದರೂ ಪರವಾಗಿಲ್ಲ.

– ಸಂಪಾದಕರು