ಡಿಡಿಪಿಐ ಸಾಹೇಬರೇ, ಮಕ್ಕಳನ್ನು ಒಂದು ಚಿತ್ರದ ಮುಂದೆ ಅರ್ಧ ಗಂಟೆ ಕೂರಿಸಿ

ಮೈಸೂರು ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ನಮಸ್ಕಾರ.

ಡಿಸೆಂಬರ್ ಬಂತು ಅಂದರೆ ಶಾಲಾ ಪ್ರವಾಸದ ಬಸ್ಸುಗಳು ಮೈಸೂರಿಗೆ ಸಾಲುಗಟ್ಟುತ್ತವೆ. ಅರಮನೆ, ಝೂ, ಬೆಟ್ಟ, ಸಂಜೆಗೆ ಕೆಆರ್‌ಎಸ್. ಅರಮನೆಯಿಂದ ನಡೆದೇ ಹೋಗಬಹುದಾದ ಜಗನ್ಮೋಹನ ಅರಮನೆಯ ಆರ್ಟ್ ಗ್ಯಾಲರಿ ಮಾತ್ರ ಟೈಮ್ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೋದರೂ ಏನು, ಮಕ್ಕಳು ಸಾಲಾಗಿ ಒಳಗೆ ಹೋಗುತ್ತಾರೆ, "ಬೇಗ ನಡೀರಿ, ಮುಟ್ಟಬೇಡಿ" ಅನ್ನೋದು ಕೇಳಿಸುತ್ತದೆ, ಸಾಲಾಗಿಯೇ ಹೊರಗೆ ಬರುತ್ತಾರೆ. ಬೇರೆ ಊರಿನವರ ಅವಸರ ಬಿಡಿ, ಅರ್ಥವಾಗುತ್ತದೆ. ನಮ್ಮೂರ ಸರ್ಕಾರಿ ಶಾಲೆಯ ಮಕ್ಕಳಿಗೆ ಯಾಕೆ ಈ ಅವಸರ?

1861ರಲ್ಲಿ ಕಟ್ಟಿದ, 1915ರಿಂದ ಚಿತ್ರಶಾಲೆಯಾಗಿರುವ ಜಾಗ ಅದು. 1897ರಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಾಗ ರಾಜಮನೆತನ ಬಂದು ನೆಲೆಸಿದ್ದು ಅಲ್ಲೇ. ರವಿವರ್ಮನ ಚಿತ್ರಗಳಿವೆ, ಹಳೇ ವಾದ್ಯಗಳಿವೆ. ಆದರೆ ನಾನು ಕೇಳುತ್ತಿರುವುದು ಒಂದೇ ಚಿತ್ರದ ಬಗ್ಗೆ, ಕಲಾವಿದ ಎಸ್.ಎಲ್. ಹಲ್ದಂಕರ್ ಬರೆದ ಆ ದೀಪ ಹಿಡಿದ ಹೆಣ್ಣು.

ಅದನ್ನು ರವಿವರ್ಮನದು ಅಂತ ಇವತ್ತಿಗೂ ಎಷ್ಟೋ ಜನ ಹೇಳುತ್ತಾರೆ, ರವಿವರ್ಮ ತೀರಿಕೊಂಡಿದ್ದು 1906ರಲ್ಲಿ, ಇದು ಬಂದದ್ದು ನಲವತ್ತರ ದಶಕದಲ್ಲಿ. ಚಿತ್ರಕ್ಕೆ ನಿಂತವರು ಹಲ್ದಂಕರರ ಮಗಳೇ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಅಡ್ಡ, ಬೆರಳ ಸಂದಿಯಲ್ಲಿ ಚರ್ಮ ಕೆಂಪಗೆ ಹೊಳೆಯುತ್ತದೆ. "ಹಿಂದೆ ಬಲ್ಬ್ ಇಟ್ಟಿದ್ದಾರಾ ಮಿಸ್?" ಅಂತ ಒಬ್ಬ ಹುಡುಗ ಕೇಳಿದ್ದು ನನ್ನ ಕಿವಿಗೇ ಬಿತ್ತು. ಎಂಥಾ ಒಳ್ಳೆ ಪ್ರಶ್ನೆ, ಅಲ್ವಾ? ಉತ್ತರ ಹೇಳುವಷ್ಟರಲ್ಲಿ ಸಾಲು ಮುಂದೆ ಹೋಗಿಯಾಗಿತ್ತು. ಬಲ್ಬೂ ಇಲ್ಲ, ಎಣ್ಣೆ ಬಣ್ಣವೂ ಅಲ್ಲ, ಬರೀ ಜಲವರ್ಣ. ಬೆಳಕು ಬೇಕಾದ ಕಡೆ ಬಣ್ಣ ತೆಳು ಮಾಡಿ, ಸುತ್ತ ಕತ್ತಲೆ ತುಂಬಿದರೆ ಕಾಗದವೇ ಬೆಳಗುತ್ತದೆ. ಇದನ್ನು ಆ ಹುಡುಗನಿಗೆ ಅಲ್ಲೇ ತೋರಿಸಿದ್ದರೆ ಅವನು ಮನೆಗೆ ಹೋಗಿ ವಾಟರ್ ಕಲರ್ ಡಬ್ಬಿ ಹುಡುಕುತ್ತಿದ್ದ.

ಹೇಳಿಕೊಡುವವರು ಯಾರು ಅಂತೀರಾ? ಇದೇ ಊರಲ್ಲಿ ಕಾವಾ ಅನ್ನೋ ಸರ್ಕಾರಿ ಚಿತ್ರಕಲಾ ಕಾಲೇಜಿದೆ. ಅಲ್ಲಿ ಚಿತ್ರಕಲೆ ಓದುವ ಹುಡುಗ ಹುಡುಗಿಯರು ಮಕ್ಕಳ ಜೊತೆ ಸಲೀಸಾಗಿ ಮಾತಾಡಬಲ್ಲರು. ದಿನ ಯಾವುದು ಅಂದರೆ, ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಹೇಗೂ ಇದೆಯಲ್ಲ. ಗ್ಯಾಲರಿ ಟ್ರಸ್ಟಿನದು, ಇಲಾಖೆಯದಲ್ಲ, ಗೊತ್ತು. ಅದಕ್ಕೇ ನೀವು ಪತ್ರ ಬರೆದು ಟಿಕೆಟ್ ಮಾಫಿ ಕೇಳಬೇಕು. ಮೇಷ್ಟ್ರೊಬ್ಬರು ಕೇಳಿದರೆ ಆಗದ್ದು ನಿಮ್ಮ ಸಹಿಗೆ ಆಗಬಹುದು.

ಮೊದಲು ನಡೆದು ಬರಬಲ್ಲ ಸಿಟಿ ಶಾಲೆಗಳು ಬರಲಿ. ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಮಕ್ಕಳಿಗೆ ಬಸ್ಸಿನ ಖರ್ಚು ಜಾಸ್ತಿ, ಅದಕ್ಕೆ ದುಡ್ಡು ಇಲಾಖೆಯೇ ಕೊಡಬೇಕು, ಮಕ್ಕಳ ಹತ್ತಿರ ವಸೂಲಿ ಬೇಡ. ಒಂದು ತಂಡಕ್ಕೆ ಮೂವತ್ತು ಮಕ್ಕಳು, ಒಂದೇ ಚಿತ್ರ, ಅರ್ಧ ಗಂಟೆ, ಕೈಗೊಂದು ಪೆನ್ಸಿಲ್ಲು ಹಾಳೆ, ಸಾಕು.

ಇನ್ನೊಂದು ಮಾತು. ಆಮೇಲೆ ವರದಿ, ಫೋಟೋ ಅಪ್‌ಲೋಡ್ ಅಂತ ಸುಮ್ನೆ ಕೇಳಬೇಡಿ ಸಾರ್. ಮೇಷ್ಟ್ರುಗಳು ಫೋನು ಹಿಡಿದು ಫೋಟೋ ತೆಗೆಯುವುದರಲ್ಲೇ ಆ ಅರ್ಧ ಗಂಟೆ ಮುಗಿದುಹೋಗುತ್ತದೆ.

ಇಂತಿ,
ಮೈಸೂರಿನ ಒಬ್ಬ ಪೋಷಕ