ಹತ್ತು ವರ್ಷದ ಹೆಲ್ಪರ್: ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಹಾಸನ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ನಾನು ಐಟಿಐಯಲ್ಲಿ ಫಿಟ್ಟರ್ ವಿಭಾಗದ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು. ಕಳೆದ ತಿಂಗಳು ದುದ್ದದ ಬಸ್ಸಿನಲ್ಲಿ ಹಳೆಯ ಶಿಷ್ಯನೊಬ್ಬ ಸಿಕ್ಕಿದ. ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟರೆ 0.02 ಮಿಲಿಮೀಟರ್‌ವರೆಗೆ ತಡವರಿಸದೆ ಅಳತೆ ಓದುತ್ತಿದ್ದ ಹುಡುಗ. ಅವರ ಆಲೂಗಡ್ಡೆ ಬೆಳೆಯುವ ಹೊಲ ಕೈಗಾರಿಕೆಗೆ ಹೋಯಿತು. ಮನೆಗೊಂದು ನೌಕರಿ ಕೊಡುತ್ತೇವೆ ಎಂದಿದ್ದರು. ಕೊಟ್ಟರು, ಸುಳ್ಳು ಹೇಳಬಾರದು. “ಈಗ ಏನಾಗಿದ್ದೀಯಪ್ಪಾ?” ಎಂದೆ. “ಹೆಲ್ಪರ್, ಸಾರ್” ಎಂದ. ಹತ್ತು ವರ್ಷದ ಹಿಂದೆ ಸೇರಿದ್ದೂ ಹೆಲ್ಪರ್ ಆಗಿಯೇ. ಯಂತ್ರ ಕೆಟ್ಟರೆ ಬೇರೆ ಊರಿನಿಂದ ಎಂಜಿನಿಯರ್ ಬರುತ್ತಾರೆ, ಇವನು ಸ್ಪ್ಯಾನರ್ ಎತ್ತಿಕೊಡುತ್ತಾನೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಪರದೆಯನ್ನು ಮುಟ್ಟಲು ಅವನಿಗೆ ಅಪ್ಪಣೆಯಿಲ್ಲ, ಒರೆಸಲು ಇದೆ.

ಸ್ಥಳೀಯರು ಎಷ್ಟು ಮಂದಿ ಎಂದು ನೀವು ಕೇಳುತ್ತೀರಿ, ಕಂಪನಿಯವರು ಪಟ್ಟಿ ಕೊಡುತ್ತಾರೆ. ಕಾವಲುಗಾರರು, ಕ್ಯಾಂಟೀನಿನವರು, ಗಿಡಕ್ಕೆ ನೀರು ಹಾಯಿಸುವವರು, ಗುತ್ತಿಗೆದಾರನ ಲೆಕ್ಕದ ಹೆಲ್ಪರುಗಳು ಎಲ್ಲರೂ ಸೇರಿದರೆ ಸಂಖ್ಯೆ ದೊಡ್ಡದೇ ಆಗುತ್ತದೆ. ಅವರಲ್ಲಿ ಎಷ್ಟು ಜನ ಆಪರೇಟರ್ ಆದರು, ಸೂಪರ್‌ವೈಸರ್ ಕುರ್ಚಿಯವರೆಗೆ ಎಷ್ಟು ಜನ ಬಂದರು ಎಂದೂ ಒಮ್ಮೆ ಕೇಳಿ ನೋಡಿ.

ಕನ್ನಡಿಗರಿಗೆ ಉದ್ಯೋಗ ಮೀಸಲಿಡುವ ಬಗ್ಗೆ ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ವರದಿ ಕೊಟ್ಟಂದಿನಿಂದ ನಾವು ಶೇಕಡಾವಾರಿನ ಮೇಲೆಯೇ ಜಗಳವಾಡುತ್ತಿದ್ದೇವೆ. 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿ, ಕೆಲವೇ ದಿನಗಳಲ್ಲಿ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆಯಲ್ಲೂ ಅದೇ ಆಯಿತು. ಆಡಳಿತ ಹುದ್ದೆಗಳಿಗೆ ಶೇ 50, ಉಳಿದವಕ್ಕೆ ಶೇ 70 ಎಂಬ ಗದ್ದಲದಲ್ಲಿ ಅದರೊಳಗಿದ್ದ ಇನ್ನೊಂದು ಮಾತು ಯಾರ ಕಿವಿಗೂ ಬೀಳಲಿಲ್ಲ. ಅರ್ಹ ಸ್ಥಳೀಯರು ಸಿಗದಿದ್ದರೆ ಸರ್ಕಾರದ ಸಹಯೋಗದಲ್ಲಿ ಮೂರು ವರ್ಷದೊಳಗೆ ಅವರನ್ನು ತರಬೇತುಗೊಳಿಸಬೇಕು ಎಂದಿತ್ತು. ನನ್ನನ್ನು ಕೇಳಿದರೆ ಇಡೀ ಮಸೂದೆಯ ಜೀವ ಇದ್ದದ್ದು ಅಲ್ಲಿ.

ಅದು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಕಾರ್ಖಾನೆಯಲ್ಲೇ ಕೆಲಸ ಕಲಿಯುವ ಅಪ್ರೆಂಟಿಸ್‌ಗಳಿಗಾಗಿ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಅದರಡಿಯ ನಿಯಮದಂತೆ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ, ಗುತ್ತಿಗೆಯವರನ್ನೂ ಎಣಿಸಿ, ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಸಾವಿರ ಜನರಿದ್ದರೆ ಕನಿಷ್ಠ 25. ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರವೇ ಭರಿಸುವ ಯೋಜನೆ 2016ರಲ್ಲಿ ಬಂತು. ಆದರೂ ಅಪ್ರೆಂಟಿಸ್ ಎಂದರೆ ಅಗ್ಗದ ಆಳು ಎಂದುಕೊಂಡವರಿದ್ದಾರೆ. ಪೊರಕೆ ಹಿಡಿಸಿ ವರ್ಷ ಕಳೆಸಿ ಪ್ರಮಾಣಪತ್ರ ಕೊಟ್ಟರೆ ಕಡತದ ಹೊಟ್ಟೆ ತುಂಬುತ್ತದೆ.

ತಪ್ಪು ನಮ್ಮ ಕಡೆಯೂ ಇದೆ. ಸವೆದ ಲೇತಿನ ಮೇಲೆ ಕಲಿಸಿ, ಯಂತ್ರಗಳನ್ನು ತಾನಾಗಿ ನಡೆಸುವ ಪಿಎಲ್‌ಸಿ ಎಂಬ ನಿಯಂತ್ರಕವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿ ಹುಡುಗರನ್ನು ಕಳುಹಿಸಿದವನು ನಾನೇ. ಮೊದಲ ದಿನವೇ ಅವರು ಹೊಸ ಯಂತ್ರ ನಡೆಸಲಿ ಎಂದು ನಾನು ಹೇಳುವುದಿಲ್ಲ. ಆದರೆ ಹಾಸನದಲ್ಲೇ ಸರ್ಕಾರದ ಉಪಕರಣ ತರಬೇತಿ ಕೇಂದ್ರ ಜಿಟಿಟಿಸಿ ಇದೆ, ಐಟಿಐ ಇದೆ. ಕಾರ್ಖಾನೆಯವರು ವಾರಕ್ಕೆ ಒಂದು ಶಿಫ್ಟನ್ನು ಸಂಬಳ ಕಡಿಯದೆ ಕಲಿಕೆಗೆ ಬಿಟ್ಟುಕೊಟ್ಟರೆ ಎರಡು ವರ್ಷದಲ್ಲಿ ಹೆಲ್ಪರ್ ಆಪರೇಟರ್ ಆಗಬಲ್ಲ. ಯಂತ್ರದ ಕೈಪಿಡಿ, ಸುರಕ್ಷತೆಯ ಸೂಚನೆಗಳು ಕನ್ನಡದಲ್ಲಿರಲಿ. ಬೆರಳು ಹೋದ ಮೇಲೆ ಅನುವಾದ ಮಾಡಿ ಪ್ರಯೋಜನವಿಲ್ಲ. ಇನ್ನು ಹೆಣ್ಣುಮಕ್ಕಳ ವಿಷಯ. ನಾನು ನೋಡಿದ ಉಡುಪಿನ ಘಟಕದಲ್ಲಿ ಹೊಲಿಯುವವರೆಲ್ಲ ಹೆಂಗಸರು, ಆ ಯಂತ್ರ ರಿಪೇರಿ ಮಾಡುವವನು ಮಾತ್ರ ಗಂಡಸು. ದಿನವಿಡೀ ಅದರ ಸದ್ದು ಕೇಳುವವಳಿಗೇ ಅದರ ಕಾಯಿಲೆ ಮೊದಲು ತಿಳಿಯುವುದು.

ಜಿಲ್ಲೆಯ ಕೆಲಸಗಳ ಪ್ರಗತಿ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಗೆ ಕಂಪನಿವಾರು ಅಪ್ರೆಂಟಿಸ್ ಪಟ್ಟಿಯನ್ನು ತರಿಸಿ, ಯಾರಿಗೆ ಯಾವ ಕೆಲಸ ಕಲಿಸಿದ್ದಾರೆ ಎಂದು ಓದಿಸಿ. ಕಲಿಸುವವರಿಲ್ಲ ಎಂಬ ಉತ್ತರ ಬಂದರೆ ನನ್ನಂಥ ನಾಲ್ಕೈದು ನಿವೃತ್ತರು ಊರಿನಲ್ಲಿದ್ದೇವೆ. ಸಂಭಾವನೆ ಬೇಡ, ಗೇಟ್ ಪಾಸ್ ಕೊಡಿಸಿ ಸಾಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ, ಹಾಸನ